ಭೀಮಾ ದಂಡಿಯಿಂದ ಹಡಗಿನ ಬ್ರಿಜ್ಜಿಗೆ: ಕರಾವಳಿ ಹಡಗಿನ ಕ್ಯಾಪ್ಟನ್ ಆಗೋದು ಹ್ಯಾಂಗ

ನಾ ಕರಾವಳಿ ಹಡಗಿನ ಕ್ಯಾಪ್ಟನ್. ಹೋದ ಸಲ ರಜಾಕ್ಕ ಊರಿಗೆ ಬಂದಾಗ ಕಲಬುರಗಿ ಸೂಪರ್ ಮಾರ್ಕೆಟ್‌ದಾಗ ನಮ್ಮ ಜೇವರ್ಗಿ ಕಡಿ ಕಾಕಾ ಒಬ್ಬರು ಸಿಕ್ರು, ಕೈಯಾಗ ಪ್ಲಾಸ್ಟಿಕ್ ಕವರ್, ಅದರಾಗ ಮಗನ ಮಾರ್ಕ್ಸ್ ಕಾರ್ಡು. "ತಮ್ಮಾ, ಹುಡುಗನ್ನ ಹಡಗಕ್ಕ ಹಾಕ್ಲಾಕತ್ತೀವಿ, ಎರಡೂವರಿ ಲಕ್ಷ ಕೇಳ್ಯಾರ, ನಾಳಿ ಕೊಡೋದದ, ನೀ ಏನಂತಿ?" ಅಂದ್ರು. ನಾ ಕೇಳಿದ್ದು ಒಂದೇ ಮಾತು, ಹುಡುಗನ ಕಣ್ಣು ತೋರಿಸೀರೇನು ಕಾಕಾ ಅಂತ. ತೋರಿಸಿದ್ದಿಲ್ಲ. ಮರುದಿನ ಕಣ್ಣಿನ ಡಾಕ್ಟರ್ ಹಂತ್ಯಾಕ ಕರಕೊಂಡು ಹೋದ್ರ ಹುಡುಗಗ ಕೆಂಪು ಹಸಿರು ಬ್ಯಾರಿ ಬ್ಯಾರಿ ಕಾಣಂಗಿಲ್ಲ ಅಂತ ಗೊತ್ತಾಯ್ತು, ಮನ್ಯಾಗ ಯಾರಿಗೂ ಅಲ್ಲೀತನ ಗೊತ್ತೇ ಇದ್ದಿಲ್ಲ. ಆ ಎರಡೂವರಿ ಲಕ್ಷ ಉಳೀತು, ಆದ್ರ ಹುಡುಗ ಅವತ್ತು ಉಣ್ಲೇ ಇಲ್ಲ, ಅದು ನನ್ನ ಮನಸ್ಸಿನಾಗ ಕುಂತದ. ಅದಕ್ಕ ಈ ಲೇಖನ ಬರಿಲಾಕತ್ತೀನಿ. ನಮ್ಮ ಭಾಗದ ಮಂದಿಗೆ ಬುದ್ಧಿ ಕಡಿಮಿ ಇಲ್ಲ, ಧೈರ್ಯನೂ ಕಡಿಮಿ ಇಲ್ಲ, ಮಾಡೋ ಕೆಲಸದ ಅನುಕ್ರಮ ಮಾತ್ರ ಹಿಂದ ಮುಂದ ಆಗ್ತದ, ಮೊದಲು ರೊಕ್ಕ ಕಟ್ಟಿ ಆಮ್ಯಾಲ ವಿಚಾರ ಮಾಡ್ತೀವಿ.

ಎಲ್ಲಕ್ಕಿಂತ ಮೊದಲು ಕಣ್ಣು

ಹಡಗದಾಗ ಎರಡು ಕಡಿ ಕೆಲಸ ಇರ್ತದ, ಡೆಕ್ ಮತ್ತ ಇಂಜಿನ್. ಕ್ಯಾಪ್ಟನ್ ಆಗೋರು ಡೆಕ್ ಕಡಿಯಿಂದ ಬರೋರು, ಇಂಜಿನ್ ಕಡಿಯೋರು ಚೀಫ್ ಇಂಜಿನಿಯರ್ ಆಗ್ತಾರ. ಡೆಕ್ಕಿಗೆ ಸೇರೋವಾಗ ಕನ್ನಡಕ ಇಲ್ದೇ ದೂರದ ನೋಟ ಸರಿ ಇರ್ಬೇಕು, ಛಲೋ ಕಣ್ಣು 6/6, ಇನ್ನೊಂದು ಕನಿಷ್ಠ 6/9, ಬಣ್ಣದ ಕುರುಡು ಇರಲೇಬಾರದು. ಯಾಕಂದ್ರ ರಾತ್ರಿ ಸಮುದ್ರದಾಗ ಎದುರಿನ ಹಡಗ ಅಂದ್ರ ನಮಗ ಕಾಣೋದು ದೀಪ ಅಷ್ಟೇ, ಅದರ ಎಡಗಡಿ ಕೆಂಪು ದೀಪ, ಬಲಗಡಿ ಹಸಿರು ದೀಪ, ಯಾವುದು ಕಾಣ್ತದ ಅನ್ನೋದರ ಮ್ಯಾಲ ಅದು ಯಾಕಡಿ ಹೊಂಟದ, ನಾವು ದಾರಿ ಬಿಡ್ಬೇಕೋ ಅವರು ಬಿಡ್ಬೇಕೋ ಅಂತ ತಿಳಿಯೋದು. ಕೆಂಪು ಹಸಿರು ಗೊತ್ತಾಗದಿದ್ರ ಮುಂದಿನ ಯಾವ ಓದೂ ಉಪಯೋಗಕ್ಕ ಬರಂಗಿಲ್ಲ. ಊರಾಗಿನ ಡಾಕ್ಟರ್ ಕಡಿ ಚುಕ್ಕಿ ಪುಸ್ತಕದ ಟೆಸ್ಟ್ ಐದು ನಿಮಿಷದ್ದು, ಅದನ್ನ ಮಾಡಿಸ್ರಿ, ಆಮ್ಯಾಲ ಡಿಜಿ ಶಿಪ್ಪಿಂಗ್ ಒಪ್ಪಿದ ಡಾಕ್ಟರ್ ಹಂತ್ಯಾಕ ಪೂರಾ ಮೆಡಿಕಲ್ ಮಾಡಿಸ್ರಿ. ಡಿಜಿ ಶಿಪ್ಪಿಂಗ್ ಅಂದ್ರ ಮುಂಬೈದಾಗಿರೋ ಕೇಂದ್ರ ಸರ್ಕಾರದ ಕಚೇರಿ, ನಮ್ಮ ದೇಶದ ನಾವಿಕರ ಕಾಗದಪತ್ರ ಎಲ್ಲಾ ಅವರ ಕೈಯಾಗ.

ಇದರ ಜೊತಿಗೇ ಮಾಡೋದು ಇನ್ನೊಂದು ಅದ, ಹೆಸರು ಸರಿ ಮಾಡ್ಕೊಳೋದು. ನಮ್ಮ ಕಡಿ ಮಾರ್ಕ್ಸ್ ಕಾರ್ಡಿನಾಗ ಒಂದು ಹೆಸರು, ಆಧಾರದಾಗ ಅಡ್ಡಹೆಸರು ಮುಂದ, ಪಾಸ್‌ಪೋರ್ಟಿನಾಗ ಅಪ್ಪನ ಹೆಸರು ನಡುವ, ಹಿಂಗ ಮೂರು ಥರ ಇರ್ತದ. ಹತ್ತನೇತ್ತೆ ಕಾರ್ಡಿನಾಗ ಹ್ಯಾಂಗದನೋ ಹಂಗೇ ಎಲ್ಲಾ ಕಡಿ ಮಾಡಿಸಿ ಪಾಸ್‌ಪೋರ್ಟ್ ತೊಗೊಳ್ರಿ, ಮುಂದ ಇಂಡೋಸ್ ನಂಬರು (ನಾವಿಕನ ಗುರುತಿನ ನಂಬರು), ಸಿಡಿಸಿ ಎಲ್ಲಾ ಅದರ ಮ್ಯಾಲೇ ನಿಲ್ತಾವ. ಸಿಡಿಸಿ ಅಂದ್ರ ನಾವಿಕನ ಪುಸ್ತಕ, ಯಾವ ಹಡಗದಾಗ ಯಾವ ತಾರೀಖಿಗೆ ಹತ್ತಿದಿ, ಯಾವಾಗ ಇಳದಿ ಎಲ್ಲಾ ಅದರಾಗ ಬರೀತಾರ, ಜೀವಮಾನ ಪೂರ್ತಿ ಅದೇ ನಿಮ್ಮ ಅನುಭವದ ಸಾಕ್ಷಿ.

ಪಿಯುಸಿ ಸೈನ್ಸ್ ಮಾಡಿದೋರಿಗೆ ದಾರಿ

ಪಿಸಿಎಂ ಒಳಗ ಸರಾಸರಿ 60 ಪರ್ಸೆಂಟ್, ಇಂಗ್ಲಿಷ್ ಒಳಗ ಹತ್ತನೇತ್ತೆಗರ ಪಿಯುಸಿಗರ 50 ಪರ್ಸೆಂಟ್ ಇದ್ರ ಇಂಡಿಯನ್ ಮೆರಿಟೈಮ್ ಯೂನಿವರ್ಸಿಟಿಯ ಸಿಇಟಿ ಬರೀಬಹುದು. ಇದು 2008ರಾಗ ಶುರುವಾದ ಕೇಂದ್ರ ವಿಶ್ವವಿದ್ಯಾಲಯ, ಹೆಡ್ ಆಫೀಸ್ ಚೆನ್ನೈ, ಮುಂಬೈ, ನವಿ ಮುಂಬೈ, ಕೊಚ್ಚಿ, ಕೋಲ್ಕತ್ತಾ, ವಿಶಾಖಪಟ್ಟಣದಾಗೂ ಕ್ಯಾಂಪಸ್ ಅವ. ಪರೀಕ್ಷೆ ಕಂಪ್ಯೂಟರ್ ಮ್ಯಾಲ, 3 ತಾಸು, 200 ಪ್ರಶ್ನೆ, ಎಲ್ಲಾ ಇಂಗ್ಲಿಷ್‌ದಾಗ.

ಒಂದು ತಪ್ಪು ತಿಳುವಳಿಕಿ ಇಲ್ಲೇ ಬಿಡಿಸ್ತೀನಿ. 371 ಜೆ ಸರ್ಟಿಫಿಕೇಟ್ ಅದಲ್ಲ ಅಂತ ಭಾಳ ಮಂದಿ ಕೇಳ್ತಾರ, ಅದು ನಮ್ಮ ರಾಜ್ಯದ ಕಾಲೇಜು, ರಾಜ್ಯದ ನೌಕರಿಗೆ, ಈ ಯೂನಿವರ್ಸಿಟಿಗೆ ನಡಿಯಂಗಿಲ್ಲ. ಇಲ್ಲಿ ಬೇಕಾಗೋದು ಕೇಂದ್ರದ ನಮೂನೆಯ ಜಾತಿ ಪ್ರಮಾಣಪತ್ರ, ನಾಡಕಚೇರಿಯಾಗ ರಾಜ್ಯದ್ದು ತೊಗೊಂಡು ಸುಮ್ಮನ ಕುಂತ್ರ ಕೌನ್ಸೆಲಿಂಗ್ ದಿನ ಓಡಾಡ್ಬೇಕಾಗ್ತದ.

ಪಾಸಾದ ಮ್ಯಾಲ ಡೆಕ್ಕಿಗೆ ಎರಡು ಕೋರ್ಸು. ಒಂದು ಮೂರು ವರ್ಷದ ಬಿಎಸ್ಸಿ ನಾಟಿಕಲ್ ಸೈನ್ಸ್, ಅದು ಮುಗಿಸಿ ಕೆಡೆಟ್, ಅಂದ್ರ ತರಬೇತಿ ಆಫೀಸರ್, ಆಗಿ 12 ತಿಂಗಳು ಸಮುದ್ರ. ಇನ್ನೊಂದು ಒಂದು ವರ್ಷದ ಡಿಎನ್‌ಎಸ್ ಡಿಪ್ಲೊಮಾ, ಅದಕ್ಕ ಶಿಪ್ಪಿಂಗ್ ಕಂಪನಿಯ ಸ್ಪಾನ್ಸರ್‌ಶಿಪ್ ಬೇಕು, ಮುಗಿಸಿ 18 ತಿಂಗಳು ಸಮುದ್ರ. ನನ್ನ ಅಭಿಪ್ರಾಯ ಕೇಳಿದ್ರ, ಛಲೋ ಕಂಪನಿಯ ಸ್ಪಾನ್ಸರ್‌ಶಿಪ್ ಸಿಕ್ರ ಡಿಎನ್‌ಎಸ್ ಹಿಡೀರಿ, ಯಾಕಂದ್ರ ನಮ್ಮ ಭಾಗದ ಮಕ್ಕಳು ಬಿದ್ದು ಒದ್ದಾಡೋದು ಓದಿನಾಗ ಅಲ್ಲ, ಓದು ಮುಗದು ಮೊದಲ ಹಡಗ ಸಿಗೋತನ ಕಾಯೋದ್ರಾಗ, ಆ ಕಾಯೋ ಟೈಮಿನಾಗೇ ಏಜೆಂಟರು ಬಂದು ಹಿಡ್ಕೋತಾರ. ಸ್ಪಾನ್ಸರ್ ಮಾಡಿದ ಕಂಪನಿ ಹಡಗೂ ಕೊಡ್ತದ.

ಸಮುದ್ರ ಸೇವೆ ಮುಗದ ಮ್ಯಾಲ ಸೆಕೆಂಡ್ ಮೇಟ್ ಪರೀಕ್ಷೆ, ಆಮ್ಯಾಲ ಫಸ್ಟ್ ಮೇಟ್, ಆಮ್ಯಾಲ ಮಾಸ್ಟರ್ ಅಂದ್ರ ಕ್ಯಾಪ್ಟನ್, ಪ್ರತಿ ಪರೀಕ್ಷೆ ನಡುವ ಮತ್ತ ಹಡಗ ಹತ್ತಿ ತಿಂಗಳು ತುಂಬಿಸೋದು. ಲಿಖಿತಕ್ಕಿಂತ ಓರಲ್ಸ್ ಕಠಿಣ, ಮರ್ಕೆಂಟೈಲ್ ಮೆರೀನ್ ಡಿಪಾರ್ಟ್‌ಮೆಂಟಿನ ಸರ್ವೇಯರ್ ಎದುರು ಕುಂದ್ರಿಸಿ ಕೇಳ್ತಾರ, ಮಂಜು ಬಿದ್ದದ, ಎದುರು ಹಾರ್ನ್ ಕೇಳಿಸ್ತದ, ಏನು ಮಾಡ್ತಿ ಅಂತ, ಅಲ್ಲಿ ಬಾಯಿಪಾಠ ನಡಿಯಂಗಿಲ್ಲ. ನಮಗ ಒಂದು ಅನುಕೂಲ ಅಂದ್ರ ಮುಂಬೈ ಚೆನ್ನೈ ರೈಲ್ವೆ ಲೈನು ನಮ್ಮ ಕಲಬುರಗಿ ಮ್ಯಾಲೇ ಹೋಗ್ತದ, ನಾನು ಎಲ್ಲಾ ಪರೀಕ್ಷೆಗೂ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹತ್ತಿ ಮುಂಬೈಗೆ ಹೋಗಿದ್ದು.

ಹತ್ತನೇತ್ತೆ ಮಾಡಿದೋರಿಗೂ ದಾರಿ ಅದ

ಜಿಪಿ ರೇಟಿಂಗ್ ಅಂತ ಆರು ತಿಂಗಳ ಕೋರ್ಸು, ಹತ್ತನೇತ್ತೆಯಾಗ ಗಣಿತ, ವಿಜ್ಞಾನ, ಇಂಗ್ಲಿಷ್ ಇರ್ಬೇಕು. ಇದು ಖಲಾಸಿ ಕೆಲಸದಿಂದ ಶುರುವಾಗೋ ದಾರಿ, ಹಗ್ಗ ಎಳಿಯೋದು, ತುಕ್ಕು ಕೆತ್ತೋದು, ಬಣ್ಣ ಬಳಿಯೋದು, ವಾಚಿನಾಗ, ಅಂದ್ರ ಪಾಳಿಯಾಗ, ಸ್ಟೀರಿಂಗ್ ಹಿಡಿಯೋದು. ನಾ ಇದೇ ದಾರಿಯಿಂದ ಬಂದವ.

ಕರಾವಳಿ ಹಡಗಿಗೆ ಬ್ಯಾರೇ ಸರ್ಟಿಫಿಕೇಟ್ ಸರಣಿ ಇರೋದು ಇಲ್ಲಿ ಉಪಯೋಗಕ್ಕ ಬರ್ತದ. ಅದಕ್ಕ ನಿಯರ್ ಕೋಸ್ಟಲ್ ವಾಯೇಜ್, ಬಾಯಿ ಮಾತಿನಾಗ ಎನ್‌ಸಿವಿ ಅಂತಾರ, ಹಳೇ ಮಂದಿ ಈಗಲೂ ಹೋಮ್ ಟ್ರೇಡ್ ಅನ್ನೋದುಂಟು. ಎಸ್‌ಟಿಸಿಡಬ್ಲ್ಯು ಅನ್ನೋ 1978ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 500 ಗ್ರಾಸ್ ಟನ್‌ಗಿಂತ ಸಣ್ಣ ಕರಾವಳಿ ಹಡಗಿನ ವಾಚ್ ಆಫೀಸರ್ ಆಗ್ಲಾಕ ಡೆಕ್ಕಿನ ಮ್ಯಾಲ 36 ತಿಂಗಳ ಸೇವೆ ಇಲ್ಲಾ ಅದರ ಬದಲಿ ವಿಶೇಷ ತರಬೇತಿ, ಅಂಥಾ ಹಡಗಿನ ಮಾಸ್ಟರ್ ಆಗ್ಲಾಕ ಆಫೀಸರ್ ಆಗಿ ಮತ್ತ 12 ತಿಂಗಳು ಬೇಕು. ಇದು ಕನಿಷ್ಠ, ಇದರ ಮ್ಯಾಲ ನಮ್ಮ ದೇಶದ ಕೋರ್ಸು, ಪರೀಕ್ಷೆ ಎಲ್ಲಾ ಇರ್ತಾವ, ದೊಡ್ಡ ಹಡಗಿಗೆ ಇನ್ನೂ ಹೆಚ್ಚು. ಗ್ರಾಸ್ ಟನ್ ಅಂದ್ರ ತೂಕ ಅಲ್ಲ, ಹಡಗಿನ ಒಳಗಿನ ಜಾಗದ ಅಳತಿ, ಓರಲ್ಸ್‌ದಾಗ ಈ ಒಂದು ಪ್ರಶ್ನೆಗೇ ಭಾಳ ಮಂದಿ ಬೀಳ್ತಾರ. ಫಾರಿನ್ ಗೋಯಿಂಗ್ ಮಾಸ್ಟರ್ ಇದ್ದೋರು ಕರಾವಳಿ ಹಡಗನೂ ನಡಸಬಹುದು, ಎನ್‌ಸಿವಿ ಮಾಸ್ಟರ್ ವಿದೇಶಕ್ಕ ಹೋಗೋ ದೊಡ್ಡ ಹಡಗ ನಡಸ್ಲಾಕ ಬರಂಗಿಲ್ಲ, ಇದನ್ನ ಮೊದಲೇ ತಿಳಕೊಂಡು ದಾರಿ ಆರಿಸ್ರಿ. ಪಗಾರನೂ ಕರಾವಳಿಯಾಗ ಕಡಿಮಿ, ಇನ್ಕಮ್ ಟ್ಯಾಕ್ಸೂ ಬೀಳ್ತದ, ಆದ್ರ ಅಪ್ಪಗ ಹುಷಾರಿಲ್ಲ ಅಂದ್ರ ಮುಂದಿನ ಬಂದರದಾಗ ಇಳದು ಎರಡು ದಿನದಾಗ ಮನಿಗೆ ಬರಬಹುದು, ಅದರ ಬೆಲಿ ನನಗ ಗೊತ್ತದ.

ಯಾವ ದಾರಿ ಹಿಡಿದ್ರೂ ಶುರುವಿಗೆ ಬೇಸಿಕ್ ಕೋರ್ಸು ಇರ್ತಾವ, ಬೆಂಕಿ ಆರಿಸೋದು, ಪ್ರಥಮ ಚಿಕಿತ್ಸೆ, ನೀರಿಗೆ ಬಿದ್ರ ಜೀವ ಉಳಿಸ್ಕೊಳೋದು. ಲೈಫ್ ಜಾಕೆಟ್ ಹಾಕ್ಕೊಂಡು ಎತ್ತರದಿಂದ ನೀರಿಗೆ ಜಿಗೀಬೇಕು, ಕೆಳಗ ನೋಡ್ದೇ ಮೂಗು ಹಿಡ್ಕೊಂಡು ನೇರ ಹೆಜ್ಜಿ ಇಡಬೇಕು. ನಮ್ಮ ಕಡಿ ಹೊಲದ ಬಾವ್ಯಾಗ ಈಸು ಕಲ್ತೋರಿಗೆ ಇದು ಸರಳ. ಕಲೀದೋರು ಕೋರ್ಸಿಗೆ ಹೋಗೋಕ್ಕಿಂತ ಮೊದಲೇ ಕಲೀರಿ, ಆದ್ರ ಭೀಮಾದಾಗ ಒಬ್ಬೊಬ್ಬರೇ ಇಳೀಬ್ಯಾಡ್ರಿ, ಮರಳು ತೆಗೆದ ಗುಂಡಿ ಕಾಣಂಗಿಲ್ಲ, ಗೊತ್ತಿದ್ದೋರ ಕೂಡ ಪೂಲಿನಾಗ ಕಲೀರಿ.

ಯಾರಿಗೆ ರೊಕ್ಕ ಕೊಡಬಾರದು

ನೌಕರಿ ಕೊಡಸ್ತೀನಿ ಅಂತ ರೊಕ್ಕ ಕೇಳಿದ ಯಾರಿಗೂ ಕೊಡಬ್ಯಾಡ್ರಿ. ಒಲ್ಲೆ ಅನ್ರಿ. ಹಡಗಿಗೆ ಮಂದಿ ಕಳಸೋರ ಹಂತ್ಯಾಕ ಆರ್‌ಪಿಎಸ್‌ಎಲ್ ಅನ್ನೋ ಲೈಸೆನ್ಸ್ ಇರಲೇಬೇಕು, ಅದರ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಾಗ ಅದ, ಲೈಸೆನ್ಸ್ ಇದ್ದೋರೂ ನೌಕರಿ ಸಲುವಾಗಿ ನಾವಿಕನ ಹಂತ್ಯಾಕ ರೊಕ್ಕ ತೊಗೊಳ್ಳಂಗಿಲ್ಲ. 2006ರ ಮೆರಿಟೈಮ್ ಲೇಬರ್ ಕನ್ವೆನ್ಷನ್ ಅಂತ ಒಪ್ಪಂದ ಅದ, ನಮ್ಮ ದೇಶ 2015ರಾಗ ಅದನ್ನ ಒಪ್ಕೊಂಡದ, ಅದರ ಪ್ರಕಾರ ನಾವಿಕ ತನ್ನ ಕೈಯಿಂದ ಹಾಕಬಹುದಾದ ಖರ್ಚು ಅಂದ್ರ ಮೆಡಿಕಲ್, ನಾವಿಕನ ಪುಸ್ತಕ, ಪಾಸ್‌ಪೋರ್ಟ್ ಇಂಥಾವು ಅಷ್ಟೇ. ಕೋರ್ಸಿನ ಫೀ ಬ್ಯಾರಿ, ಅದನ್ನ ಕಾಲೇಜಿನ ಖಾತೆಗೆ ಕಟ್ಟಿ ರಸೀದಿ ತೊಗೊಳ್ರಿ. ನನ್ನ ಕೂಡ ಕಲ್ತ ಒಬ್ಬ ಹುಡುಗ ಏಜೆಂಟ್ ಮಾತು ಕೇಳಿ ಹೊಲ ಬರಕೊಟ್ಟು ರೊಕ್ಕ ಕಟ್ಟಿದ, ಅವನಿಗೆ ಸಿಕ್ಕ ಹಡಗು ಆರು ತಿಂಗಳು ಹೊರದೇಶದ ಒಂದು ಬಂದರದ ಹೊರಗ ಲಂಗರು ಹಾಕಿ ನಿಂತಿತ್ತು, ಪಗಾರಿಲ್ಲ, ಕುಡಿಯೋ ನೀರು ಅಳದು ಕೊಡೋರು. ಊರಿಗೆ ಬಂದವ ಮತ್ತ ಸಮುದ್ರದ ಮಾತೇ ಎತ್ತಲಿಲ್ಲ. ಎಷ್ಟು ಛಲೋ ಹುಡುಗ ಅವ.

ಕ್ಯಾಪ್ಟನ್ ಖರೇ ಏನು ಮಾಡ್ತಾನ

ಊರಾಗ ಎಲ್ಲರೂ ಕೇಳೋದು, ನೀ ಸ್ಟೀರಿಂಗ್ ಹಿಡಿತಿಯೇನು ಅಂತ. ಸ್ಟೀರಿಂಗ್ ಹಿಡಿಯೋದು ಖಲಾಸಿ, ಸಮುದ್ರದಾಗ ಹೆಚ್ಚಿನ ಹೊತ್ತು ಆಟೋ ಪೈಲಟ್. ಹಡಗದಾಗ ವಾಚ್ ಅಂತ ನಾಕ್ ನಾಕ್ ತಾಸಿನ ಪಾಳಿ ಇರ್ತದ, ಮೂವರು ಆಫೀಸರ್ ಇದ್ದ ಹಡಗದಾಗ ಥರ್ಡ್ 8ರಿಂದ 12, ಸೆಕೆಂಡ್ 12ರಿಂದ 4, ಚೀಫ್ ಆಫೀಸರ್ 4ರಿಂದ 8, ದಿನಕ್ಕ ಎರಡು ಸಲ. ಕ್ಯಾಪ್ಟನ್‌ಗ ಪಾಳಿ ಇಲ್ಲ, ಅಂದ್ರ ಇಡೀ ದಿನ ಅವನದೇ ಪಾಳಿ.

ಅವನ ಖರೇ ಕೆಲಸ ಒಲ್ಲೆ ಅನ್ನೋದು. ಎಷ್ಟು ಮಾಲು ತುಂಬೋದು ಅನ್ನೋದು ಮೊದಲ್ನೇದು. ಹಡಗಿನ ಮೈ ಮ್ಯಾಲ ಲೋಡ್ ಲೈನ್ ಅಂತ ಗೆರಿ ಕೊರದಿರ್ತಾರ, ಅದು ನೀರಾಗ ಮುಳಗಬಾರದು. ಅರಬ್ಬಿ ಸಮುದ್ರದಾಗ ಸೆಪ್ಟೆಂಬರ್ 1ರಿಂದ ಮೇ 31ರ ತನಕ ಟ್ರಾಪಿಕಲ್ ಗೆರಿ, ಜೂನ್ 1ರಿಂದ ಆಗಸ್ಟ್ 31ರ ತನಕ ಅದಕ್ಕಿಂತ ಕೆಳಗಿರೋ ಸಮ್ಮರ್ ಗೆರಿ ನೋಡ್ಬೇಕು, ಯಾಕಂದ್ರ ಮಳಿಗಾಲದ ಅಲಿ ಬ್ಯಾರಿ. ಅಂದ್ರ ಮೇ ಕೊನೀಗೆ ತುಂಬಿದಷ್ಟು ಮಾಲು ಜೂನ್‌ದಾಗ ತುಂಬ್ಲಾಕ ಬರಂಗಿಲ್ಲ. ಮಾಲಿನ ಮಾಲಕ ಫೋನ್ ಮಾಡ್ತಾನ, ಇನ್ನೊಂದು ನೂರು ಟನ್ ಹಾಕ್ರಿ ಸರ್, ಹೋದ ತಿಂಗಳು ಹಾಕಿದ್ರಲ್ಲ ಅಂತಾನ.

ಎರಡನೇದು ಮಾಲು ಹ್ಯಾಂಗದ ಅನ್ನೋದು. ನಮ್ಮ ಸೇಡಂ, ವಾಡಿ ಸಿಮೆಂಟು ರೈಲಿನಾಗ ಹೋಗ್ತದ, ಗುಜರಾತಿನ ಸಿಮೆಂಟು ಹಡಗದಾಗ ಮುಂಬೈಗೆ, ಕೊಚ್ಚಿಗೆ ಬರ್ತದ, ಒಡಿಶಾದ ಪಾರಾದೀಪ್‌ದಿಂದ ತಮಿಳುನಾಡಿನ ಕರೆಂಟ್ ಸ್ಟೇಷನ್‌ಗಳಿಗೆ ಕಲ್ಲಿದ್ದಲು ಹೋಗ್ತದ, ಕರಾವಳಿ ಹಡಗಿನ ದೊಡ್ಡ ದುಡಿಮಿ ಇಂಥಾದ್ದೇ. ಕಲ್ಲಿದ್ದಲು ತಾನೇ ಕಾವೇರಿ ಹೊಗಿ ಬರಬಹುದು, ದಿನಾ ಗ್ಯಾಸು, ಉಷ್ಣತೆ ನೋಡ್ಕೋತ ಇರ್ಬೇಕು. ಇನ್ನ ಕಬ್ಬಿಣದ ಅದಿರಿನ ಪುಡಿ ಹಸಿ ಇದ್ರ ಅದರಷ್ಟು ಮೋಸದ ಮಾಲು ಇನ್ನೊಂದಿಲ್ಲ. ಬ್ಯಾಸಿಗ್ಯಾಗ ಕಲಬುರಗಿ ರಿಂಗ್ ರೋಡಿನ ಮ್ಯಾಲ ಅರ್ಧ ತುಂಬಿದ ನೀರಿನ ಟ್ಯಾಂಕರ್ ತಿರುವಿನಾಗ ಹ್ಯಾಂಗ ವಾಲ್ತದ ನೋಡೀರಲ್ಲ, ಪೂರಾ ತುಂಬಿದ್ದು ಹಂಗ ವಾಲಂಗಿಲ್ಲ, ಅರ್ಧ ತುಂಬಿದ್ದರಾಗ ನೀರು ಒಂದ್ ಕಡಿಗೆ ಓಡಿ ಗಾಡೀನೇ ಎಳೀತದ. ಹಸಿ ಅದಿರಿನ ಪುಡಿ ತುಂಬೋವಾಗ ಒಣಗಿದ ಮಣ್ಣಿನಂಗ ಕಾಣ್ತದ, ಸಮುದ್ರದ ಅಲುಗಾಟಕ್ಕ ಒಳಗಿನ ನೀರು ಮ್ಯಾಲ ಬಂದು ರಾಡಿ ಆಗ್ತದ, ಆ ರಾಡಿ ಒಂದ್ ಕಡಿಗೆ ಸರದ್ರ ಹಡಗ ಎದ್ದು ನಿಲ್ಲಂಗಿಲ್ಲ. 2009ರ ಜುಲೈದಾಗ ಮಂಗಳೂರಿಂದ ಅದಿರಿನ ಪುಡಿ ತುಂಬ್ಕೊಂಡು ಹೊಂಟಿದ್ದ ಏಷಿಯನ್ ಫಾರೆಸ್ಟ್ ಅನ್ನೋ ಹಡಗ ಹಿಂಗೇ ವಾಲಿ ಮುಳುಗ್ತು, ಅದೇ ವರ್ಷ ಸೆಪ್ಟೆಂಬರ್‌ದಾಗ ಪಾರಾದೀಪ್ ಹಂತ್ಯಾಕ ಬ್ಲ್ಯಾಕ್ ರೋಸ್. ತೇವಾಂಶದ ಸರ್ಟಿಫಿಕೇಟ್ ಇಲ್ದೇ, ಮಳಿಯಾಗ ತೊಯ್ದ ಗುಡ್ಡಿಯಿಂದ ಮಾಲು ಹಾಕ್ಲಾಕ ಬಂದ್ರ ಒಲ್ಲೆ ಅನ್ನೋ ಅಧಿಕಾರ ಕ್ಯಾಪ್ಟನ್‌ಗದ, ಅದನ್ನ ಉಪಯೋಗಿಸಬೇಕು, ಬಂದರದಾಗ ನೂರು ಮಂದಿ ಬೈದ್ರೂ ಉಪಯೋಗಿಸಬೇಕು.

ಮೂರನೇದು ಮೀನುಗಾರರು. ಪಶ್ಚಿಮ ಕರಾವಳಿಯಾಗ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗೆ ಮೀನುಗಾರಿಕಿ ಬಂದ್, ಆಗಸ್ಟ್ ಶುರುವಾತು ಅಂದ್ರ ಮಲ್ಪೆ, ಮಂಗಳೂರು, ಕಾರವಾರದಿಂದ ಎಲ್ಲಾ ಬೋಟು ಒಮ್ಮಿಗೇ ಇಳೀತಾವ. ಒಂದು ಆಗಸ್ಟ್‌ದಾಗ ಮಲ್ಪೆ ಎದುರು ರಾತ್ರಿ ಎರಡಕ್ಕ ಸೆಕೆಂಡ್ ಆಫೀಸರ್ ನನ್ನ ಎಬ್ಬಿಸಿದ, ಬ್ರಿಜ್ಜಿಗೆ, ಅಂದ್ರ ಹಡಗ ನಡಸೋ ಕೋಣಿಗೆ, ಹೋದ್ರ ಎದುರು ಜಾತ್ರಿ ದೀಪದಂಗ ದೀಪ, ಸಣ್ಣ ಬೋಟು ಮಳಿಯಾಗ ರಡಾರ್‌ದಾಗ ಸರಿ ಕಾಣಂಗಿಲ್ಲ, ಕೆಲವಕ್ಕ ಹಸಿರಿನ ಕೆಳಗ ಬಿಳಿ ದೀಪ, ಅಂದ್ರ ಟ್ರಾಲ್ ಬಲಿ ಎಳೀಲಾಕತ್ಯಾವ ಅಂತ ಅರ್ಥ. ಬಲಿ ಎಳಿಯೋ ಬೋಟಿಗೆ ನಾವು ದಾರಿ ಬಿಡಬೇಕು, ಅದು ನಿಯಮ, 1972ರ ಡಿಕ್ಕಿ ತಡೆ ನಿಯಮದಾಗ ಬರದದ. ನಮ್ಮ ಹಡಗ ಆಗ 12 ನಾಟ್, ಅಂದ್ರ ತಾಸಿಗೆ 22 ಕಿ.ಮೀ., ಲೂನಾ ಗಾಡಿ ಸ್ಪೀಡ್ ಅನ್ರಿ, ಆದ್ರ ತುಂಬಿದ ಹಡಗಿಗೆ ಬ್ರೇಕ್ ಇಲ್ಲ, ನಿಲ್ಲಿಸ್ಲಾಕ ಒಂದು ಮೈಲಿಗಿಂತ ಹೆಚ್ಚು ದೂರ ಬೇಕಾಗ್ತದ. ಸ್ಪೀಡ್ ಇಳಿಸಿ ಪಶ್ಚಿಮಕ್ಕ ತಿರುಗಿಸಿ ಹತ್ತು ಮೈಲಿ ಹೊರಗ ಹೋಗಿ ಸುತ್ತು ಹಾಕಿ ಬಂದ್ವಿ, ಮೂರು ತಾಸು ತಡ ಆಯ್ತು. ಆ ಹುಡುಗನ ಬೆನ್ನು ತಟ್ಟಿದೆ. ಡೌಟ್ ಬಂದ್ರ ಕರಿ, ತಡ ಮಾಡಿ ಕರೀಬ್ಯಾಡ ಅಂತ ನಾನು ಪ್ರತಿ ರಾತ್ರಿ ಆರ್ಡರ್ ಬುಕ್ಕಿನಾಗ ಬರೀತೀನಿ.

ಬಂದರಕ್ಕ ಹೋಗೋವಾಗ ಆ ಊರಿನ ಪೈಲಟ್ ಹಗ್ಗದ ನಿಚ್ಚಣಿಕಿ ಹತ್ತಿ ಬರ್ತಾರ, ಅವರಿಗೆ ಅಲ್ಲಿನ ಆಳ, ಸೆಳವು ಎಲ್ಲಾ ಗೊತ್ತಿರ್ತದ. ಆದ್ರ ಪೈಲಟ್ ಇದ್ರೂ ಜವಾಬ್ದಾರಿ ಕ್ಯಾಪ್ಟನ್‌ದೇ, ತಪ್ಪು ಕಂಡ್ರ ತಡೀಬೇಕು.

ಮಂದಿ ತುಂಬಿದ ಹಡಗ

12ಕ್ಕಿಂತ ಹೆಚ್ಚು ಪ್ಯಾಸೆಂಜರ್ ಇದ್ರ ಅದು ಪ್ಯಾಸೆಂಜರ್ ಹಡಗ, ಅದಕ್ಕ ಗದ್ದಲ ನಿಭಾಯಿಸೋದು, ಆಪತ್ತಿನಾಗ ಮಂದಿ ಹ್ಯಾಂಗ ನಡಕೋತಾರ ಅನ್ನೋದರ ಬ್ಯಾರೇ ಕೋರ್ಸು ಮಾಡಿರಬೇಕು. ನಮ್ಮ ದೇಶದಾಗ ಕೊಚ್ಚಿಯಿಂದ ಲಕ್ಷದ್ವೀಪಕ್ಕ, ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣದಿಂದ ಅಂಡಮಾನಿಗೆ ಇಂಥಾ ಹಡಗ ಓಡ್ತಾವ. ಲಕ್ಷದ್ವೀಪದ ಎಂವಿ ಕವರತ್ತಿ ಒಂದರಾಗೇ 700 ಮಂದಿ ಹಿಡೀತಾರ. ಆ ಕಡಿ ಸೆಕೆಂಡ್ ಆಫೀಸರ್ ಇದ್ದಾಗ ನಾ ಕಲ್ತಿದ್ದು ಮಾಲಿನ ಹಡಗದಾಗ ಹತ್ತು ವರ್ಷ ಇದ್ರೂ ಕಲೀತಿದ್ದಿಲ್ಲ. ಹವಳದ ದಿಬ್ಬದ ಒಳಗ ದೊಡ್ಡ ಹಡಗ ಹೋಗ್ಲಾಕ ಬರಂಗಿಲ್ಲ, ಹೊರಗೇ ನಿಂತು ಸಣ್ಣ ಬೋಟಿಗೆ ಮಂದೀನ ಇಳಸಬೇಕು, ಹಡಗೂ ಏಳ್ತದ, ಬೋಟೂ ಏಳ್ತದ, ಎರಡೂ ಸಮ ಆಗೋ ಒಂದು ಕ್ಷಣದಾಗ ಅಜ್ಜಿ, ಬಾಣಂತಿ, ಕೈಕೂಸು ಎಲ್ಲಾರನ್ನೂ ಕೈಗೆ ಕೈ ಕೊಟ್ಟು ದಾಟಸಬೇಕು. ಅಲಿ ಜಾಸ್ತಿ ಅದ, ಇವತ್ತು ಇಳಸಂಗಿಲ್ಲ ಅಂದ್ರ ಮನಿ ಕಣ್ಣೆದುರೇ ಕಾಣ್ತಿರೋ ಮಂದಿ ಅಳ್ತಾರ. ಆದ್ರೂ ಕ್ಯಾಪ್ಟನ್ ಒಲ್ಲೆ ಅಂದಿದ್ದನ್ನ ನಾ ಎರಡು ಸಲ ನೋಡೀನಿ, ಆ ಎರಡೂ ಸಲ ಅವರು ಮಾಡಿದ್ದು ಸರಿ ಇತ್ತು.

ಯಾಕಂದ್ರ ಮಂದಿ ಅಂದ್ರ ಸರಿದಾಡೋ ಮಾಲು. 1947ರ ಜುಲೈ 17, ಆಷಾಢದ ಅಮಾಸಿ ದಿನ, ಮುಂಬೈಯಿಂದ ರೇವಸ್‌ಗೆ ಹೊಂಟಿದ್ದ ರಾಮದಾಸ್ ಅನ್ನೋ ಸ್ಟೀಮರ್ ಮಳಿಗಾಳಿಯಾಗ ಮುಳುಗಿ 600ಕ್ಕಿಂತ ಹೆಚ್ಚು ಮಂದಿ ಹೋದ್ರು, ಹಬ್ಬಕ್ಕ ಊರಿಗೆ ಹೊಂಟಿದ್ದ ಮಂದಿ ಅವರು. ಅಲಿ ಹೊಡೆದಾಗ ಮಂದಿ ಹೆದರಿ ಒಂದೇ ಕಡಿಗೆ ಓಡಿದ್ರು, ಹಡಗ ಆಕಡಿಗೇ ವಾಲ್ತು. ಅದಕ್ಕೇ ಹೊರಡೋ ಹೊತ್ತಿಗೇ ಮಂದಿಗೆ ಲೈಫ್ ಜಾಕೆಟ್ ಎಲ್ಲದ, ಏಳು ಸಣ್ಣ ಒಂದು ಉದ್ದ ಸೀಟಿ ಕೇಳಿದ್ರ ಎಲ್ಲಿಗೆ ಬರಬೇಕು ಅಂತ ತೋರಸ್ತೀವಿ. ಅಂಡಮಾನಿಗೆ ಹೋದಾಗ ಆ ಸೀಟಿ ಕೇಳಿದ್ರ ಸೆಲ್ಫಿ ಬಿಟ್ಟು ಬರ್ರಿ, ಇದು ನನ್ನ ಕೈಮುಗಿದು ಕೇಳೋ ಮಾತು.

ಹೆಣ್ಣುಮಕ್ಕಳ ಅಪ್ಪ ಅವ್ವಗ

ಹೆಣ್ಣು ಹುಡುಗಿ ಹಡಗದಾಗ ಹ್ಯಾಂಗ ಅಂತ ಬೀದರ್‌ದ ಅಕ್ಕಾರು ಒಬ್ಬರು ಕೇಳಿದ್ರು. ಕೇರಳದ ರಾಧಿಕಾ ಮೆನನ್ ರೇಡಿಯೋ ಆಫೀಸರ್ ಆಗಿ ಸೇರಿ ನಮ್ಮ ದೇಶದ ಮರ್ಚೆಂಟ್ ನೇವಿಯ ಮೊದಲ ಮಹಿಳಾ ಕ್ಯಾಪ್ಟನ್ ಆದ್ರು. 2015ರ ಜೂನ್‌ದಾಗ ಬಂಗಾಳ ಕೊಲ್ಲಿಯೊಳಗ ಇಂಜಿನ್ ಕೆಟ್ಟು ದಿನಗಟ್ಟಲೆ ತೇಲಾಡ್ತಿದ್ದ ದೋಣಿಯಿಂದ 7 ಮಂದಿ ಮೀನುಗಾರರನ್ನ ದೊಡ್ಡ ಅಲಿಯಾಗ ಹಡಗ ತಿರುಗಿಸಿ ಹತ್ತಿಸ್ಕೊಂಡ್ರು, ಮರುವರ್ಷ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಧೈರ್ಯಕ್ಕ ಪ್ರಶಸ್ತಿ ಕೊಡ್ತು. ನಿಮ್ಮ ಮಗಳಿಗೆ ಅವರ ಬಗ್ಗೆ ಹೇಳ್ರಿ.

ಮೊದಲ ಸಲ ಹೊಂಟೋರಿಗೆ

ಮೊದಲ ವಾರ ವಾಂತಿ ಆಗ್ತದ, ಭಾಳ ಮಂದಿಗೆ ಆಗ್ತದ, ಹೊಟ್ಟಿ ಖಾಲಿ ಬಿಟ್ರ ಇನ್ನೂ ಜಾಸ್ತಿ. ಚೀಲದಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ ಇಟ್ಕೊಳ್ರಿ, ಒಣ ರೊಟ್ಟಿ ಹೊಟ್ಯಾಗ ನಿಲ್ತದ, ದೂರದ ಗೆರಿ ಮ್ಯಾಲ ಕಣ್ಣಿಡ್ರಿ. ನಿದ್ದಿ ಬಿಡಬ್ಯಾಡ್ರಿ, 24 ತಾಸಿನಾಗ ಕನಿಷ್ಠ 10 ತಾಸು, ವಾರಕ್ಕ 77 ತಾಸು ವಿಶ್ರಾಂತಿ ಕೊಡಬೇಕು ಅಂತ ನಿಯಮ ಅದ, ಕರಾವಳಿಯಾಗ ದಿನಕ್ಕೊಂದು ಬಂದರ ಬರೋದ್ರಿಂದ ಇದೇ ಮೊದಲು ತಪ್ಪೋದು. ಹೊಟ್ಟಿ ಸರಿ ಆದ ಮ್ಯಾಲ ಟ್ಯಾಂಕು, ಪೈಪು, ವಾಲ್ವು ಎಲ್ಲಾ ನಡದಾಡಿ ನೋಡ್ರಿ, ಕೈಲೆ ಚಿತ್ರ ಬಿಡಸ್ರಿ.

ಹಿಂಗ ಕೆಡೆಟ್ ಅಥವಾ ಖಲಾಸಿಯಿಂದ ಶುರು ಮಾಡಿ ಎಂಟು ಹತ್ತು ವರ್ಷ ಆದ ಮ್ಯಾಲ ಒಂದಿನ ಕಂಪನಿಯಿಂದ ಮಾಸ್ಟರ್ ಅಂತ ಲೆಟರ್ ಬರ್ತದ. ಅವತ್ತು ಮಾಡೋದು ಇಷ್ಟು: ಹಳೇ ಕ್ಯಾಪ್ಟನ್ ಕೂಡ ಕುಂತು ಹಡಗಿನ ಎಲ್ಲಾ ಸರ್ಟಿಫಿಕೇಟಿನ ತಾರೀಖು ಒಂದೊಂದಾಗಿ ನೋಡ್ರಿ, ತಿಜೋರಿಯಾಗಿನ ರೊಕ್ಕ ಎಣಸ್ರಿ, ಯಾವ ಮಷೀನ್ ಕೆಟ್ಟದ, ಯಾವ ಖಲಾಸಿಗೆ ಏನು ತ್ರಾಸದ, ಕಂಪಾಸಿನಾಗ ಎಷ್ಟು ಡಿಗ್ರಿ ವ್ಯತ್ಯಾಸ ಬರ್ತದ ಎಲ್ಲಾ ಕೇಳ್ರಿ, ಅವಸರ ಮಾಡಿದ್ರೂ ಬಿಡಬ್ಯಾಡ್ರಿ. ಆಮ್ಯಾಲ ಲಾಗ್ ಬುಕ್ಕಿನಾಗ ಇಬ್ಬರೂ ಸಹಿ ಮಾಡ್ತೀರಿ. ಅವರು ಬ್ಯಾಗ್ ಹಿಡ್ಕೊಂಡು ಗ್ಯಾಂಗ್‌ವೇ ಇಳದು ಹೋಗ್ತಾರ, ಸ್ವಲ್ಪ ಹೊತ್ತಿಗೆ ಬಂದರದ ಏಜೆಂಟ್ ಬಂದು, ಹೊರಡೋ ಟೈಮ್ ಎಷ್ಟಂತ ಬರೀಲಿ ಸರ್ ಅಂತ ನಿಮ್ಮನ್ನ ಕೇಳ್ತಾನ.